ಲೋಡು ಲೆಕ್ಕ

ಬೆಳಗ್ಗೆ ಆರಕ್ಕೆ ವರ್ತೂರು ಕೆರೆ ಏರಿಯ ಮೇಲೆ
ಟ್ರ್ಯಾಕ್ಟರುಗಳ ನಂಬರು ಬರೆಯುವುದು ನನ್ನ ಕೆಲಸ.
ಕಲಂ ಒಂದು: ವಾಹನ.
ಕಲಂ ಎರಡು: ಕಳೆ, ಘನ ಮೀಟರಿನಲ್ಲಿ.
ಕಳೆಯ ಹೆಸರಿಗೆ ಕಲಂ ಇಲ್ಲ.

ಅಂತರಗಂಗೆ ಅಂತಾರೆ ಇದನ್ನ.
ನದಿಯ ಕತ್ತು ಹಿಸುಕುವ ಗಿಡಕ್ಕೆ
ನದಿಯದೇ ಹೆಸರಿಟ್ಟವನು
ಒಳ್ಳೆ ಕುಚೋದ್ಯದ ಮನುಷ್ಯ ಇದ್ದಿರಬೇಕು.

ಮುನಿತಾಯಮ್ಮ ಎದೆಮಟ್ಟ ನೀರಿಗಿಳಿಯುತ್ತಾಳೆ.
ಸೀರೆಯ ಮೇಲೆ ಗಂಡನ ಹಳೇ ಶರ್ಟು,
ಅದರ ಮೇಲೆ ಕಂಟ್ರಾಕ್ಟರು ಕೊಟ್ಟ ಕಿತ್ತಳೆ ಜಾಕೆಟ್ಟು.
ಹೊಸ ಹುಡುಗ ಕುಡುಗೋಲು ತಂದರೆ ಬೈಯುತ್ತಾಳೆ:
"ಕೊಯ್ಯಬ್ಯಾಡ್ವೋ, ತುಂಡು ತುಂಡೂ ತಾಯಾಗ್ತದೆ.
ಬುಡಕ್ಕೆ ಕೈ ಹಾಕು,
ತಾಯಿ ಮಕ್ಳು ಎಲ್ರನ್ನೂ ಒಟ್ಟಿಗೇ ಎಳಿ."

ಎಳೆದರೆ ಬೇರಿಗೆ ಜೋತು ಬರುತ್ತವೆ
ಶಾಂಪೂ ಪೊಟ್ಟಣ, ಬಸವನಹುಳು,
ಯಾವುದೋ ಗಣಪತಿಯ ತಗಡಿನ ಕಿರೀಟ,
ಅರ್ಧ ಊರಿನ ಬಚ್ಚಲ ವಾಸನೆ.
ಇಷ್ಟು ಸೊಂಪಾಗಿ ಬೆಳೆಯಲು
ದಿನಾ ಉಣ್ಣಲಿಕ್ಕಿದವರು ಯಾರು ಅಂತ
ಕೇಳುವ ಕಲಮ್ಮೂ ಇಲ್ಲ.

ಒಂದು ಕಡೆ ಕೈ ತಡೆದಳು.
ನೀರುಕೋಳಿ ಗೂಡು, ನಾಲ್ಕು ಮೊಟ್ಟೆ.
ಚಾಪೆಯಷ್ಟು ಜಾಗ ಬಿಟ್ಟು ಸುತ್ತ ಕಿತ್ತರು.
"ಎಂಜಿನಿಯರ್ ಕೇಳಿದ್ರೆ ಅಲ್ಲಿ ಆಳ ಜಾಸ್ತಿ ಅನ್ನಿ."
ಹಾಗೇ ಬರೆದೆ.

ಮಳೆಗೆ ಮುಂಚೆ ಮುಗಿಯಬೇಕು.
ಕೋಡಿ ಹರಿದರೆ ಇದೂ ಹೊರಡುತ್ತದೆ, ಟಿಕೆಟ್ಟಿಲ್ಲದೆ,
ಕಾಲುವೆ ಹಿಡಿದು ದಕ್ಷಿಣ ಪಿನಾಕಿನಿಗೆ,
ಅಲ್ಲಿಂದ ಹೊಸೂರಿನ ಕಡೆಗೆ,
ಬೇರೆ ಭಾಷೆಯಲ್ಲಿ ಬೈಸಿಕೊಳ್ಳಲು.

ಕೂಲಿ ಚೀಟಿಗೆ ಹೆಬ್ಬೆಟ್ಟು ಒತ್ತಿಸಲು
ಅವಳ ಮನೆಗೆ ಹೋದ ಸಂಜೆ ನೋಡಿದೆ,
ಹೊಸಿಲ ಪಕ್ಕ ಬಣ್ಣದ ಖಾಲಿ ಡಬ್ಬ,
ಅದರೊಳಗೆ ಅದೇ.
ತಿಳಿ ನೇರಳೆ ಗೊಂಚಲು,
ಮೇಲಿನ ಎಸಳಿಗೊಂದು ನವಿಲುಗಣ್ಣು.
ಮೂರು ತಿಂಗಳಿಂದ ಟನ್ನುಗಟ್ಟಲೆ ಬರೆದಿದ್ದೇನೆ,
ಹೂ ನೋಡಿರಲಿಲ್ಲ.

ನಾನು ನೋಡಿದ್ದನ್ನು ಅವಳು ನೋಡಿದಳು.
"ಡಬ್ಬಕ್ಕೆ ಕೋಡಿ ಇಲ್ಲ ಬಿಡಿ ಸಾ."

ರಾತ್ರಿ ಮಳೆ ಹಿಡಿಯಿತು.
ಮಲಗಿದಲ್ಲೇ ಅಳೆದೆ:
ಅವಳ ಹೊಸಿಲಿಂದ ಚರಂಡಿಗೆ ಮೂರು ಹೆಜ್ಜೆ,
ಚರಂಡಿಯಿಂದ ರಾಜಕಾಲುವೆಗೆ ಒಂದು ತಿರುವು,
ಆಮೇಲೆಲ್ಲ ಇಳಿಜಾರು.

ಬೆಳಗ್ಗೆ ನನಗಿಂತ ಮೊದಲೇ ನೀರಲ್ಲಿದ್ದಳು.
ಮಾತಾಡಲಿಲ್ಲ.
ಮೊದಲ ಲೋಡಿನ ನೆತ್ತಿಯಲ್ಲಿ ಒಂದು ಗಿಡ,
ಬೇರೆಲ್ಲ ದುಂಡಗೆ ಸುತ್ತಿಕೊಂಡು
ಡಬ್ಬದ ಆಕಾರ ಹಿಡಿದಿತ್ತು.

ಘನ ಮೀಟರಿಗೆ ಸೇರಿಸಿ ಬರೆದೆ.
ಹೂ ಮಾತ್ರ ಇರಲಿಲ್ಲ.