ಎರಡು ಲೋಟ

ಹುಡುಗ ಹಿರಿಯಡಕದವನು, ಶ್ರವಣ ಅಂತ ಹೆಸರು.
ಟೈಯ ಗಂಟು ಬೆವರಿಗೆ ಕಪ್ಪಾಗಿತ್ತು.
ಊಟದ ಮೇಜಿನ ಮೇಲೆ ಎರಡು ಲೋಟ ಇಟ್ಟ,
ಒಂದರಲ್ಲಿ ನಮ್ಮ ಬಾವಿ, ಇನ್ನೊಂದರಲ್ಲಿ ಅವನ ಕಂಪನಿ.
ನಾಲ್ಕು ಕಾಲಿನ ಯಂತ್ರವೊಂದನ್ನು ಎರಡಕ್ಕೂ ಇಳಿಸಿ
ಪ್ಲಗ್ಗು ಹಾಕಿದ. "ನೋಡ್ತಾ ಇರಿ ಬಾಯಿ."

ನಿಮಿಷ ಆಗಲಿಲ್ಲ,
ನಮ್ಮ ಬಾವಿ ಹಸಿರಾಯಿತು, ಕಂದಾಯಿತು,
ಮೀನು ತೊಳೆದ ನೀರಿನ ಹಾಗೆ ಏನೇನೋ ತೇಲಿತು.
ಅವನ ಲೋಟ ಮಾತ್ರ ಕನ್ನಡಿ.
"ಇದನ್ನಾ ನೀವು ಇಷ್ಟು ವರ್ಷ ಕುಡಿದದ್ದು?"
ಅತ್ತೆ ಕಾರ್ಮಿಣ್ ಬಾಯಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು.
ಪಿಯಾದ್ ಅಂದರು, "ಎಷ್ಟಂತೆ ಕೇಳು ಮಾರಾಯ್ತಿ."
ಹದಿನೆಂಟು ಸಾವಿರ.
ಹಳೆ ಸ್ಟೀಲು ಫಿಲ್ಟರ್ ಕೊಟ್ಟರೆ ಸಾವಿರ ಕಡಿತ.

ಇಪ್ಪತ್ತೆರಡು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ಗಾಜಿನ ನಳಿಕೆ ತೊಳೆದವಳು ನಾನು,
ಪಾಠವನ್ನು ಮೇಷ್ಟ್ರ ಬೆನ್ನ ಹಿಂದೆ ನಿಂತು ಕಲಿತವಳು.
ಎದ್ದು ಅಡುಗೆಮನೆಗೆ ಹೋದೆ,
ಮೂರು ಬೆರಳಲ್ಲಿ ಉಪ್ಪು ತಂದೆ,
ಅವನ ಕನ್ನಡಿಗೆ ಹಾಕಿ ಕಲಕಿದೆ.
"ಈಗ ಹಾಕು ಮಗಾ ಪ್ಲಗ್ಗು."

ಅದೂ ಕಂದಾಯಿತು. ನಮ್ಮದಕ್ಕಿಂತ ಒಂದು ಹಿಡಿ ಹೆಚ್ಚೇ.
ಕಬ್ಬಿಣದ ಕಾಲು ಕರೆಂಟಿಗೆ ಕರಗಿ ತುಕ್ಕು ಬಿಡುವುದು,
ನೀರಿಗೆ ಒಂದಿಷ್ಟು ಉಪ್ಪಿನಂಶ ಇದ್ದರೆ ಸಾಕು;
ಕಣ್ಣೀರು ಹಿಡಿದಿಟ್ಟರೂ ಅಷ್ಟೆ.

ಹುಡುಗ ಸ್ವಲ್ಪ ಹೊತ್ತು ಲೋಟ ನೋಡಿದ.
"ಟ್ರೈನಿಂಗಲ್ಲಿ ಇದು ಹೇಳಲಿಲ್ಲ," ಅಂದ.
ಸುಳ್ಳಲ್ಲ ಅನ್ನಿಸಿತು.
ಬಾಯಾರಿಕೆಗೆ ಕೇಳಿದ. ಬಾವಿಯದ್ದೇ ಕೊಟ್ಟೆ.
ಒಂದೇ ಉಸಿರಿಗೆ ಕುಡಿದ.

"ನನ್ನ ಬಾವಿ, ನನ್ನ ಬಾವಿ" ಅಂತ ಅತ್ತೆ
ಎರಡು ದಿನ ಬೇಲಿಯಾಚೆಗೆಲ್ಲ ಹೇಳಿಕೊಂಡು ಬಂದರು.
ನನಗೆ ನಿದ್ದೆ ಇಲ್ಲ.
ಅವನದ್ದು ಸುಳ್ಳು ಅಂತಾದರೆ
ನಮ್ಮದು ಚೊಕ್ಕ ಅಂತ ಆಯಿತೇ?

ಲ್ಯಾಬಿನವರು ಕೊಟ್ಟ ಬಾಟಲಿಯಲ್ಲಿ ಬಾವಿ ತುಂಬಿಸಿ
ಐಸ್ ಹಾಕಿದ ಡಬ್ಬಿಯಲ್ಲಿಟ್ಟು
ನರ್ಮ್ ಬಸ್ಸು ಹತ್ತಿದೆ ಉಡುಪಿಗೆ.
"ಬಂಗುಡೆಯಾ ಅಕ್ಕ?" ಕಂಡಕ್ಟರ್ ಕೇಳಿದ.
ಬಾವಿ ಅಂದೆ. ನಕ್ಕ. ಡಬ್ಬಿಗೆ ಟಿಕೆಟ್ ಕೇಳಲಿಲ್ಲ.

ನಾಲ್ಕನೇ ದಿನ ಕಾಗದ ಬಂತು.
ಕಬ್ಬಿಣ, ಸ್ವಲ್ಪ ಜಾಸ್ತಿ. ಅದೇನು ಹೊಸತಲ್ಲ,
ಊರಿನ ಹೆಸರೇ ಕೆಮ್ಮಣ್ಣು,
ಇಲ್ಲಿ ಯಾರ ಬಿಳಿ ಮುಂಡೂ ಪೂರ್ತಿ ಬಿಳಿ ಅಲ್ಲ.
ಉಪ್ಪು, ಮಿತಿಯೊಳಗೆ
(ಮೇ ತಿಂಗಳಲ್ಲಿ ಸಮುದ್ರ ಹೊಳೆಗೆ ಏರಿ ಬರುವಾಗ
ಇನ್ನೊಮ್ಮೆ ಕೇಳಬೇಕು).
ಕೊನೆಯ ಸಾಲು ಕೋಲಿಫಾರ್ಮ್. ಎದುರಿಗೆ: ಇದೆ.

ಇದೆ.
ನೋಡಿದರೆ ತಿಳಿ, ಮೂಸಿದರೆ ಏನಿಲ್ಲ, ನಾಲಿಗೆಗೆ ತಂಪು.
ಕಂದಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ,
ತಿಳಿಯಲ್ಲಿ ಇತ್ತು.
ಬಾವಿಕಟ್ಟೆಯಿಂದ ಹೆಜ್ಜೆ ಹಾಕಿ ಅಳೆದೆ,
ನೆರೆಮನೆಯ ಕಕ್ಕಸು ಗುಂಡಿಗೆ ಹದಿನಾರು.
ಜಗಳಕ್ಕೆ ಬಾಯಿ ತೆರೆದವಳು
ಮತ್ತೆ ತಿರುಗಿ ಅಳೆದೆ.
ನಮ್ಮದೇ ಗುಂಡಿಗೆ ಹನ್ನೊಂದು.

ಆರ್‌ಓ ಬೇಡ. ಒಂದು ಕೊಡ ಕೊಡಲು ಎರಡು ಕೊಡ ಚೆಲ್ಲುವ ಯಂತ್ರಕ್ಕೆ
ಬಾವಿಯ ತಳ ಕಾಣುವ ಏಪ್ರಿಲ್‌ನಲ್ಲಿ ಎಲ್ಲಿಂದ ತರಲಿ?
ತುಕ್ಕು ಹಿಡಿಯಲು ಮೊದಲು ಒಂದು ಮರಳಿನ ತೊಟ್ಟಿ,
ಆಮೇಲೆ ಯುವಿ ದೀಪ,
ಕರೆಂಟು ಹೋದ ದಿನ ಒಲೆ.
ಹುಡುಗನಿಗೇ ಫೋನ್ ಮಾಡಿದೆ.
"ಬರೀ ಯುವಿಯದ್ದು ಇದೆಯಾ ನಿನ್ನಲ್ಲಿ?"
"ಇದೆ ಬಾಯಿ, ಏಳೂವರೆ. ಕಮಿಷನ್ ಕಡಿಮೆ,
ಅದಕ್ಕೇ ಯಾರಿಗೂ ಹೇಳುವುದಿಲ್ಲ."
ಟೈ ಇಲ್ಲದೆ ಬಂದ. ನಾಲ್ಕು ಕಾಲಿನದ್ದನ್ನು ತರಲಿಲ್ಲ.

ಈಗ ರಾತ್ರಿ ಅಡುಗೆಮನೆಯಲ್ಲಿ ಚಿಕ್ಕ ನೀಲಿ ಬೆಳಕು.
ಆ ನೀರಿಗೆ ಜೀವ ಇಲ್ಲ ಅಂತಾರೆ ಅತ್ತೆ.
ಜೀವ ಇರಬಾರದು ಅಂತಲೇ ದುಡ್ಡು ಕೊಟ್ಟದ್ದು ಅಂದೆ.
ನನಗೆ ಕಾಣದ ಹಾಗೆ ಬಾವಿಯಿಂದ ಒಂದು ಚೊಂಬು ಸೇದಿ
ಜೀರಿಗೆ ಹಾಕಿ ಕುದಿಸಿ ಕುಡಿಯುತ್ತಾರೆ.
ಕುದಿಸುವ ತನಕ ನನ್ನ ತಕರಾರಿಲ್ಲ.

ಗುಂಡಿ ಮಾತ್ರ ಹನ್ನೊಂದು ಹೆಜ್ಜೆಯಲ್ಲೇ ಇದೆ.