ಲ್ಯಾಮಿನೇಶನ್

ಉಪ್ಪಳದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ.
ಆಧಾರು, ರೇಶನ್ ಕಾರ್ಡು, ಜಾತಕ, ನಿಖಾಹ್‌ನಾಮೆ
ಎಲ್ಲ ಇದೇ ಗಾಜಿನ ಮೇಲೆ ಬೋರಲು ಮಲಗುತ್ತವೆ.
ನಾನು ಓದುವುದಿಲ್ಲ. ಓದುತ್ತ ಕೂತರೆ ಕ್ಯೂ ಬೆಳೆಯುತ್ತದೆ.

ಅವನ ಸರ್ಟಿಫಿಕೇಟೂ ಹಾಗೇ ಬಂತು,
ಎರಡು ದಿನದ ಶಿಬಿರದ್ದು, ಮೂಲೆಯಲ್ಲಿ ಚಿನ್ನದ ಬಣ್ಣದ ಮುದ್ರೆ.
ದೊಡ್ಡದು ಮಾಡಿ ಅಂದ. ಮಾಡಿದೆ.
ಮುದ್ರೆ ಚೂರು ಓರೆಯಿತ್ತು, ನೇರ ಮಾಡಿದ್ದೂ ನಾನೇ.
ಬಿಸಿ ರೋಲರಿನಿಂದ ಹೊರಬಂದದ್ದು ಎಷ್ಟು ಹೊಳೆಯಿತೆಂದರೆ
ನನಗೇ ನಂಬಿಕೆ ಬಂತು.

ಬೇಕರಿಯ ಮಾಳಿಗೆಯಲ್ಲಿ ಬೋರ್ಡು ಬಿತ್ತು: ಮಕ್ಕಳ ವರ್ತನೆ ಚಿಕಿತ್ಸೆ.
ಮನ್ವಿತನಿಗೆ ಆಗ ಐದು ವರ್ಷ.
ಮಾತು ಮೂರು: ಅಮ್ಮ, ನೀರು, ಬೇಡ.
ಗಂಟೆಗೆ ಆರುನೂರು. ಬಾಗಿಲು ಮುಚ್ಚಿಯೇ ಇರುತ್ತಿತ್ತು.
ಕೆಳಗೆ ಬನ್ನು ಬೇಯುವ ವಾಸನೆ, ಮೇಲಿಂದ ವಿಸಿಲು.
ಅಳಲಿ ಬಿಡಿ, ಅಭ್ಯಾಸ ಆಗಬೇಕು, ಅಂದ.
ಬಿಟ್ಟೆವು.
ನಾಲ್ಕು ತಿಂಗಳು.

ಮೊದಲು ಹೋದ ಮಾತು ಬೇಡ.
ಕುಕ್ಕರ್ ಕೂಗಿದರೆ ಈಗಲೂ
ಎರಡೂ ಕೈ ತೊಡೆಯಡಿಗೆ ತೂರಿಸಿ
ನೆಟ್ಟಗೆ ಕೂರುತ್ತಾನೆ. ನಮ್ಮಲ್ಲಿ ಅನ್ನ ಪಾತ್ರೆಯಲ್ಲೇ ಬೇಯುವುದು.

ಪಂಚಾಯತಿನವರು ಫೈಲು ತೆಗೆದು ನೋಡಿದರು:
ಅಂಗಡಿ ಲೈಸೆನ್ಸ್ ಸರಿ ಉಂಟು, ಬೇಕರಿಗೆ ಇದ್ದದ್ದೇ.
ಸ್ಟೇಷನ್ನಿನಲ್ಲಿ ಕೇಳಿದರು, ಮೈಮೇಲೆ ಗಾಯ ಉಂಟಾ?
ಹೊರಗೆ ಮೀನಿನ ಬೀಫಾತಿಮ್ಮ ತನ್ನ ತಕ್ಕಡಿ ಹಿಡಿದು ನಿಂತಿದ್ದಳು,
ವರ್ಷಕ್ಕೊಮ್ಮೆ ಅದಕ್ಕೆ ಸರಕಾರದ ಮುದ್ರೆ ಬೀಳಬೇಕಂತೆ,
ಇಲ್ಲದಿದ್ದರೆ ದಂಡ.

ಬಂದ್ಯೋಡಿನ ರಂಸೀನಾ ಬಂದದ್ದು ಮಳೆ ಬಿಟ್ಟ ಮೇಲೆ,
ಕಾರ್ಡಿನ ಎರಡು ಕಾಪಿಗೆ.
ಗಾಜಿನ ಮೇಲಿಡುವ ಮೊದಲು ಓದಿದೆ.
ಹೆಸರು, ನಂಬರು, ಯಾವ ವರ್ಷದವರೆಗೆ.
"ನಂಬರ್ ಹಾಕಿ ನೋಡಿ ಅಣ್ಣ, ಮತ್ತೆ ಕರೆಯಿರಿ" ಅಂದಳು.
ಶಟರ್ ಅರ್ಧ ಎಳೆದು ಹಾಕಿದೆ. ಅವಳದೇ ಫೋಟೋ ಬಂತು.
ಆದರೂ ಕೇಳಿದೆ: ಬಾಗಿಲು?
"ಬಾಗಿಲೇ ಬೇಡ. ಇಲ್ಲೇ ಕೂರುವ."

ಅವಳ ಪರೀಕ್ಷೆಯ ಹಾಳೆ ಮಲೆಯಾಳದ್ದು.
ಲೋಟದ ಚಿತ್ರಕ್ಕೆ ವೆಳ್ಳಂ ಅಂದರೆ ಒಂದು ಅಂಕ.
ಏಳನೇ ದಿನ, ಕಾಗದದ ರಿಮ್ಮಿನ ಮೇಲೆ ಕೂತು,
ಯಾರೂ ಕೇಳದೆ, ಚಿತ್ರಕ್ಕಲ್ಲ, ನನ್ನ ಬಾಟಲಿಗೆ ಕೈ ಮಾಡಿ,
ಅವನು ನೀರು ಅಂದ.

ಚೌಕದಲ್ಲಿ ಅದಕ್ಕೆ ಜಾಗವಿಲ್ಲ.
ಅವಳು ಅಂಚಿನಲ್ಲಿ ಬರೆದಳು, ಕನ್ನಡದಲ್ಲೇ, ದೀರ್ಘ ಬಿಟ್ಟು: ನಿರು.
ತಿರುವನಂತಪುರದಲ್ಲಿ ಅಂಚು ಓದುವವರು ಇದ್ದಾರೋ ಇಲ್ಲವೋ.

ಆ ಹಾಳೆಯ ಕಾಪಿ ತೆಗೆದೆ. ಇದ್ದಷ್ಟೇ ಅಳತೆ.
ರೋಲರ್ ಬಿಸಿಯಾಗಿತ್ತು, ಕೈ ಅತ್ತ ಹೋಯಿತು.
"ಲ್ಯಾಮಿನೇಶನ್ ಬೇಡಣ್ಣ" ಅಂದಳು,
"ಇನ್ನೂ ತಿದ್ದಲಿಕ್ಕುಂಟು."