ಏಳು ಸೆಕೆಂಡು

ತಾಂಪೆರೆಯಲ್ಲಿ ನವೆಂಬರಿನ ಮೂರೂವರೆಗೇ ಕತ್ತಲು.
ನನ್ನ ಕೆಲಸಕ್ಕೆ ಅನುಕೂಲವೇ, ಕಿಟಕಿಗೆ ಪರದೆ ಎಳೆಯಬೇಕಿಲ್ಲ.
ಮೇಜಿನ ಮೇಲೊಂದು ಫಾರಂ, ಫಾರಮ್ಮಿನಲ್ಲಿ ನಾಲ್ಕು ಚೌಕ:
ಹೊಡೆದಾಟ, ದಿಗಿಲು, ಬೆತ್ತಲೆ, ಅಮಲು.
ನಗುವಿಗೆ ಚೌಕವಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಯಾರೂ ಅದನ್ನು ಕೇಳಿದ್ದಿಲ್ಲ.

ಇವತ್ತಿನದು ಹಾಸ್ಯ, ಜೊತೆಗೆ ಸಾಹಸ.
ಒಬ್ಬ ಮುದಿ ಬೇಕರಿಯವ, ಇಬ್ಬರು ಮೊಮ್ಮಕ್ಕಳು,
ಅಧ್ಯಕ್ಷೆ ಎಂಬ ಹೆಸರಿನ ಒಂದು ಹೆಬ್ಬಾತು;
ಸ್ನಾನದ ತೊಟ್ಟಿಯನ್ನೇ ದೋಣಿ ಮಾಡಿಕೊಂಡು
ಕಳೆದುಹೋದ ಒಂದು ಬ್ರೆಡ್ಡಿನ ಗುಟ್ಟು ಹುಡುಕಿ ಹೊರಟಿದ್ದಾರೆ.
ಮನೆಮಂದಿಯೆಲ್ಲ ಕೂತು ನೋಡಬಹುದೇ? ನಾನು ಹೇಳಬೇಕು.

ಬರೆದುಕೊಳ್ಳುತ್ತೇನೆ.
ಹನ್ನೊಂದನೇ ನಿಮಿಷ: ಬಾಣಲೆಯಿಂದ ತಲೆಗೆ ಏಟು. ರಕ್ತವಿಲ್ಲ, ಬುಗುಟು ಮಾತ್ರ.
ಹತ್ತೊಂಬತ್ತು: ಕಳ್ಳಸಾಗಣೆಯವನ ಚಡ್ಡಿ ಜಾರುತ್ತದೆ.
ಚಡ್ಡಿಯೊಳಗೆ ಇನ್ನೊಂದು ಚಡ್ಡಿ, ಅದರ ಮೇಲೆ ನಕ್ಷೆ.
ಮೂವತ್ತನಾಲ್ಕು: ರಮ್ಮಿನ ಪೀಪಾಯಿ. ಕುಡಿದದ್ದು ಹೆಬ್ಬಾತು ಒಂದೇ.
ಅಮಲಿನ ಚೌಕದಲ್ಲಿ ಪಕ್ಷಿಗಳ ಲೆಕ್ಕವನ್ನೂ ಇಡಬೇಕೆ?

ಪಕ್ಕದ ಕೋಣೆಯ ರೈನೆ ಬಾಗಿಲಲ್ಲಿ ಇಣುಕಿದ:
"ಕೂದಲು ಸೀಳಬೇಡ ಇರ್ಮೆಲಿ,
ಎಲ್ಲರಿಗೂ ಅಂತ ಗೀಚಿಬಿಡು. ಬಸ್ಸಿಗೆ ಹೊತ್ತಾಯಿತು."
ಬಂದು ಕುರ್ಚಿ ಎಳೆದು ಕೂತ, ಪರದೆಗೆ ಬೆನ್ನು ಹಾಕಿ.

ಐವತ್ತೆರಡನೇ ನಿಮಿಷ.
ಬಿರುಗಾಳಿ. ಒಂದೇ ಅಲೆಗೆ ಹೆಬ್ಬಾತು ಇಲ್ಲ.
ಕಿರಿಯವಳು ಕೇಳುತ್ತಾಳೆ, "ಅದಕ್ಕೆ ಈಜು ಬರುತ್ತಲ್ವಾ ತಾತ?"
ತಾತ ತನ್ನ ಅಂಗೈ ನೋಡಿಕೊಳ್ಳುತ್ತಾನೆ,
ಅಲ್ಲಿ ಹಿಟ್ಟು ಅಂಟಿದೆಯೋ ಎಂಬಂತೆ.
ಏಳು ಸೆಕೆಂಡು. ಹಿಂದಕ್ಕೆ ತಿರುಗಿಸಿ ಮತ್ತೆ ಎಣಿಸಿದೆ. ಏಳೇ.
ಎಂಟನೆಯದಕ್ಕೆ ತೊಟ್ಟಿಯ ಬಿರಡೆ ಕಿತ್ತು
ನೀರು ಚಿಮ್ಮಿ ಅವನ ಕಟ್ಟುಹಲ್ಲು ಹಾರಿ
ನಾವು ನಗಬೇಕು, ನಕ್ಕೆ ಕೂಡ.

ಆದರೆ ಆ ಏಳು, ಕೂಗುವುದಿಲ್ಲ, ಕಚ್ಚುವುದಿಲ್ಲ,
ಯಾವ ಚೌಕದಲ್ಲಿ ಕೂರಿಸಿದರೂ ಕಾಲು ಹೊರಗೆ ಚಾಚುತ್ತದೆ.
ಅಡ್ಡಗೋಡೆಯ ಮೇಲೆ ದೀಪವಿಡಲು ನನಗೆ ಅಪ್ಪಣೆಯಿಲ್ಲ;
ಗೋಡೆಯ ಈಚೆಗೆ ಎಲ್ಲರೂ, ಆಚೆಗೆ ಏಳು ತುಂಬಿದವರು.
ಸೆಕೆಂಡಿಗೊಂದು ವರ್ಷ ಅಂದುಕೊಂಡು
"ಏಳು" ಎಂದೆ, ಗಟ್ಟಿಯಾಗಿ.
ರೈನೆ ಎದ್ದು ಕೋಟು ತೊಟ್ಟುಕೊಂಡ.

ಶನಿವಾರ ಸ್ವಂತ ದುಡ್ಡಿನ ಟಿಕೇಟಿನಲ್ಲಿ ಕೊನೆಯ ಸಾಲು.
ಪರದೆ ನೋಡಲಿಲ್ಲ, ತಲೆಗಳನ್ನು ನೋಡಿದೆ.
ಹಿರಿಯರು ಜೊತೆಗಿದ್ದರೆ ಚಿಕ್ಕವರನ್ನೂ ಬಿಡುತ್ತಾರೆ;
ನನ್ನ ಮುಂದೆಯೇ ಹಳದಿ ಟೊಪ್ಪಿಗೆಯ ಒಂದು ಐದು ವರ್ಷ,
ಪಕ್ಕದಲ್ಲಿ ಅದರ ಅಜ್ಜಿ, ಮಡಿಲಲ್ಲಿ ಒದ್ದೆ ಕೈಗವಸು.
ಬಾಣಲೆಯ ಏಟಿಗೆ ಹೊಟ್ಟೆ ಹಿಡಿದು ನಕ್ಕಿತು ಟೊಪ್ಪಿಗೆ.
ಮೊಸಳೆಗೆ ನಾನು "ಸೌಮ್ಯ ದಿಗಿಲು" ಎಂದು ಬರೆದಿದ್ದೆ,
ಅದಕ್ಕೆ ಆಕಳಿಸಿತು.
ಹಡಗಿನವನು ಅಡುಗೆಯವಳಿಗೆ ಮುತ್ತಿಡುವಾಗ
ಪುಟ್ಟ ಕೈ ಮೇಲೆದ್ದು
ಅಜ್ಜಿಯ ಕಣ್ಣು ಮುಚ್ಚಿತು.

ಆಮೇಲೆ ಅಲೆ.
ಇಡೀ ಹಾಲಿನಲ್ಲಿ ಪಾಪ್‌ಕಾರ್ನಿನ ಸದ್ದು ನಿಂತಿತು.
ಒಂದು. ಎರಡು. ಮೂರು.
ಅಜ್ಜಿಯ ಭುಜ ಒಂದು ಸಲ ಅಲುಗಿತು.
ಯಾರ ನೆನಪೋ, ಯಾವ ಕೆರೆಯೋ,
ಈ ಊರನ್ನು ಎರಡೂ ಕಡೆ ನೀರು ಕಾಯುತ್ತದೆ.
ಟೊಪ್ಪಿಗೆ ತಿರುಗಿ ಕೈಗವಸಿನಿಂದಲೇ ಅವಳ ಮೂಗೊರೆಸಿ
ಲೆಕ್ಕದವರ ದನಿಯಲ್ಲಿ ಹೇಳಿತು:
"ಅಳಬೇಡ ಮುಮ್ಮು,
ಇನ್ನೂ ಅರ್ಧ ಪಾಪ್‌ಕಾರ್ನ್ ಉಳಿದಿದೆ ನೋಡು,
ಇಷ್ಟು ಬೇಗ ಯಾರೂ ಸಾಯಲ್ಲ."

ಸೋಮವಾರ ಮತ್ತೆ ಫಾರಂ, ಮತ್ತೆ ನಾಲ್ಕು ಚೌಕ.
ಸರದಿಯಲ್ಲಿ ಒಂದು ಕೋತಿ, ಒಬ್ಬ ವಕೀಲ, ಬಿಸಿಗಾಳಿಯ ಬಲೂನು.
ಪೆನ್ಸಿಲ್ ಚೂಪು ಮಾಡುತ್ತಿದ್ದೆ.
ರೈನೆ ಕಾಫಿಯೊಂದಿಗೆ ಬಾಗಿಲಲ್ಲೇ ನಿಂತು,
ಆ ಕಡೆ ಈ ಕಡೆ ನೋಡಿ, ತಗ್ಗಿದ ದನಿಯಲ್ಲಿ,
"ಆ ಹೆಬ್ಬಾತು... ವಾಪಸ್ಸು ಬಂತಾ ಕೊನೆಗೆ?" ಎಂದ.

ನಾನು ಹೇಳಲಿಲ್ಲ.
"ನಿನಗೆ ಅರವತ್ತೊಂದು," ಎಂದೆ,
"ಒಬ್ಬನೇ ನೋಡುವ ಹಾಗಿಲ್ಲ."